ಅಭ್ಯಂಗವೂ ಅವಧಾನವೂ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹೇಳಿದ 20 ಉಪಭೋಗಗಳೊಳಗೆ ಸ್ನಾನ, ವಿಲೇಪನ, ಪಾದಾಭ್ಯಂಗಗಳೂ ಸೇರಿರುವುವು. ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯೆಯಲ್ಲಿ ನಿತ್ಯಾಭ್ಯಂಗವನ್ನು ವಿಧಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆಯೊತ್ತಬೇಕೆಂದಿರುವನು. ಇತ್ತ, 1966ರಲ್ಲಿ ನಮ್ಮ ಮುಂಡಗೋಡದಲ್ಲಿ ನೆಲೆಗೊಂಡ ಟಿಬೇಟಿಯರ ವಿಹಾರಗಳಲ್ಲಿ ಭಿಕ್ಷುಗಳಿಗೆ ಮಾಲ್ಯ, ಗಂಧ, ವಿಲೇಪನಗಳು ವರ್ಜ್ಯ. ಆದರೂ ಚೀವರವನ್ನು ಉಡುವಾಗ ಕೂಡ ಸ್ಮೃತಿ ತಪ್ಪಬಾರದೆಂಬುದು ಬೌದ್ಧರ ಬೋಧೆ. ಭೋಗಿಯ ದಾರಿ ಬೇರೆ, ತ್ಯಾಗಿಯ ದಾರಿ ಬೇರೆ; ಅವಧಾನವು ಇಬ್ಬರಿಗೂ ಬೇಕು.

ಇಂದು ಕನ್ನಡಿಯ ಮುಂದೆ ತನ್ನ ಮೈಬಣ್ಣವನ್ನು ತಾನೇ ಹಳಿದುಕೊಳ್ಳುತ್ತ ಲೇಪ ಹಚ್ಚುವ ಬಾಲೆಗೆ ಇದನ್ನು ತಿಳುಹಬೇಕಾಗಿದೆ. ನರಕಚತುರ್ದಶಿಯಂದು ಎಣ್ಣೆಯೊತ್ತುವ ಅಜ್ಜಿಯು ಮೊಮ್ಮಗಳ ಬಣ್ಣವನ್ನು ನೋಡುವಳೆ? ವಾತ್ಸಲ್ಯದಿಂದ ಮೈಮುಟ್ಟುವಳಷ್ಟೆ. ಆ ಕೈಯ ಅವಧಾನವೇ ಪ್ರಸಾಧನದ ಪ್ರಾಣವು.