ಹಣೆಯ ಹಿಂದಿನ ಹಸಿವು

ಮಗುವಿಗೆ ಹುಷಾರಿಲ್ಲವೆಂದರೆ ನಮ್ಮ ಕೈ ಮೊದಲು ಹೋಗುವುದು ಅದರ ಹಣೆಗೆ. ಜ್ವರವಿದೆಯೋ ಇಲ್ಲವೋ ಅಂಗೈಗೆ ತಿಳಿಯುತ್ತದೆ. ಆದರೆ ಪ್ರಜ್ಞೆ ತಪ್ಪಿ ತೀವ್ರ ನಿಗಾ ಘಟಕದಲ್ಲಿ ಮಲಗಿದ ಮಗುವಿನ ಮಿದುಳಿಗೆ ಸಾಕಷ್ಟು ಆಮ್ಲಜನಕ ಸಿಗುತ್ತಿದೆಯೇ ಎಂಬುದನ್ನು ಯಾವ ತಾಯಿಯ ಅಂಗೈಯೂ ಹೇಳಲಾರದು. ಅದನ್ನು ಅರಿಯಲು ವೈದ್ಯಲೋಕ ಅರ್ಧ ಶತಮಾನ ಹೆಣಗಿದೆ.

ಅಮೆರಿಕದಲ್ಲಿ 1940ರ ದಶಕದಲ್ಲಿ ಸೆಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಒಂದು ಉಪಾಯ ಹುಡುಕಿದರು. ನೈಟ್ರಸ್ ಆಕ್ಸೈಡ್ ಅನಿಲವನ್ನು ಸ್ವಲ್ಪ ಉಸಿರಾಡಿಸಿ, ಮಿದುಳಿಗೆ ಹೋಗುವ ರಕ್ತವನ್ನೂ ಕತ್ತಿನ ನಾಳದಲ್ಲಿ ಮರಳುವ ರಕ್ತವನ್ನೂ ಹೋಲಿಸಿ ನೋಡುವುದು. 1957ರಲ್ಲಿ ಚಾರ್ಲ್ಸ್ ಕೆನಡಿ ಮತ್ತು ಲೂಯಿಸ್ ಸೊಕೊಲಾಫ್ ಇದನ್ನು 9 ಮಕ್ಕಳಲ್ಲಿ ಮಾಡಿದರು. ಮಕ್ಕಳ ಮಿದುಳು ಪ್ರತಿ 100 ಗ್ರಾಂಗೆ ನಿಮಿಷಕ್ಕೆ 5.2 ಮಿಲಿಲೀಟರ್ ಆಮ್ಲಜನಕ ಬಳಸುತ್ತಿತ್ತು. ದೊಡ್ಡವರದಕ್ಕಿಂತ ಸುಮಾರು ಕಾಲುಭಾಗ ಹೆಚ್ಚು. ವಿಶ್ರಾಂತಿಯಲ್ಲಿರುವ ದೊಡ್ಡವರ ದೇಹ ಬಳಸುವ ಆಮ್ಲಜನಕದಲ್ಲಿ ಮಿದುಳಿನ ಪಾಲು ಐದರಲ್ಲೊಂದು. ಎಳೆಯ ಮಕ್ಕಳಲ್ಲಿ ಅದು ಹತ್ತಿರಹತ್ತಿರ ಅರ್ಧ! ಉಸಿರು ಕೆಲವೇ ನಿಮಿಷ ತಪ್ಪಿದರೂ ಮಿದುಳಿಗೆ ಏಕೆ ಅಷ್ಟು ಅಪಾಯ ಎನ್ನುವುದು ಇದರಿಂದ ಅರ್ಥವಾಗುತ್ತದೆ.

ಮುಂದೆ ಚಿತ್ರದ ಕಾಲ ಬಂತು. ಜೊಆನಾ ಫೌಲರ್ ಎಂಬ ರಸಾಯನವಿಜ್ಞಾನಿಯೂ ಇದ್ದ ತಂಡ ವಿಕಿರಣದ ಗುರುತು ಹಚ್ಚಿದ ಗ್ಲುಕೋಸನ್ನು ತಯಾರಿಸಿತು. 1976ರಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಮಿದುಳಿನ ಯಾವ ಭಾಗ ಎಷ್ಟು ಗ್ಲುಕೋಸ್ ಬಳಸುತ್ತದೆಂದು ಪೆಟ್ ಸ್ಕ್ಯಾನ್ ತೋರಿಸಿತು. 1987ರಲ್ಲಿ ಹ್ಯಾರಿ ಚುಗಾನಿ ಮತ್ತು ಸಂಗಡಿಗರು, ಮೂರು ನಾಲ್ಕು ವರ್ಷಕ್ಕೆ ಈ ಹಸಿವು ದೊಡ್ಡವರದನ್ನು ಮೀರಿ, ಒಂಬತ್ತರ ನಂತರ ನಿಧಾನವಾಗಿ ಇಳಿಯುತ್ತದೆಂದು ಕಂಡುಕೊಂಡರು. ಆದರೆ ಕೃತಕ ಉಸಿರಾಟದ ಯಂತ್ರದಲ್ಲಿರುವ ಕೂಸನ್ನು ಸ್ಕ್ಯಾನಿನ ಕೋಣೆಗೆ ಸಾಗಿಸುವುದೇನು ಸುಲಭವೇ?

ಹಾಸಿಗೆಯ ಬಳಿಗೇ ಬಂದದ್ದು ಬೆಳಕು. ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು ಚರ್ಮ, ತಲೆಬುರುಡೆಗಳನ್ನು ದಾಟಿ ರಕ್ತದ ಆಮ್ಲಜನಕದ ಸುಳಿವು ಕೊಡುತ್ತದೆಂದು 1977ರಲ್ಲಿ ಫ್ರಾನ್ಸ್ ಯೊಬ್ಸಿಸ್ ತೋರಿಸಿದರು. 1985ರಲ್ಲಿ ಜೇನ್ ಬ್ರೇಜಿ ಮತ್ತು ಜೊತೆಗಾರರು ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ಇದನ್ನು ಬಳಸಿದರು. ಸೂಜಿಯಿಲ್ಲ, ನೋವಿಲ್ಲ, ಹಣೆಗೊಂದು ಪಟ್ಟಿ ಅಂಟಿಸಿದರಾಯಿತು.

ಆದರೂ ಪರದೆಯ ಅಂಕಿಯೇ ಎಲ್ಲವೂ ಅಲ್ಲ. ಅದು ಪಟ್ಟಿಯ ಕೆಳಗಿನ ಸ್ವಲ್ಪ ಜಾಗವನ್ನಷ್ಟೇ ಬಲ್ಲದು. ಪೆಟ್ಟು ತಿಂದ ಮಿದುಳು ಆಮ್ಲಜನಕ ಬಳಸುವುದನ್ನೇ ನಿಲ್ಲಿಸಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ವೈದ್ಯರು ಉಳಿದ ಲಕ್ಷಣಗಳನ್ನೂ ಸೇರಿಸಿ ನೋಡುತ್ತಾರೆ. ಅಂಥ ಹಾಸಿಗೆಯ ಪಕ್ಕ ಕೂರುವ ಗಳಿಗೆ ಯಾರಿಗೂ ಬಾರದಿರಲಿ. ಬಂದರೆ, ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಕೇಳಲು ಸಂಕೋಚ ಬೇಡ. ಆ 9 ಮಕ್ಕಳ ಹೆಸರು ನಮಗೆ ತಿಳಿಯದು. ಕತ್ತಿನ ಸೂಜಿಯನ್ನು ಸಹಿಸಿ ಅವರು ಕೊಟ್ಟ ಲೆಕ್ಕ ಮಾತ್ರ ಉಳಿದಿದೆ.