ಚಿಟ್ಟಾಣಿಯವರ ದೀರ್ಘ ತಿರುಗಾಟ

ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ತೀರಿಕೊಂಡದ್ದು 2017ರಲ್ಲಿ. ಆರು ದಶಕಕ್ಕೂ ಮೀರಿ ಬಡಗುತಿಟ್ಟು ಯಕ್ಷಗಾನದ ರಂಗಸ್ಥಳದಲ್ಲಿದ್ದ ಅವರು ಎಂಬತ್ತು ದಾಟಿದ ಮೇಲೂ ಬಣ್ಣ ಹಚ್ಚಿದರು. ಇದನ್ನು ಒಂಟಿ ಪ್ರತಿಭೆಯ ಪವಾಡವೆಂದು ಕೊಂಡಾಡುವವರೇ ಹೆಚ್ಚು. ಅಷ್ಟು ದೀರ್ಘ ಬಾಳಿಕೆಗೆ ಯಕ್ಷಗಾನದ ಕಟ್ಟಿನಲ್ಲೇ ಜಾಗವಿತ್ತು ಎಂಬುದು ನನ್ನ ವಾದ. ಮೇಳ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲರಿಂದ ಶುರುಮಾಡಿ, ಸ್ತ್ರೀವೇಷ, ಪುಂಡುವೇಷಗಳನ್ನು ಹಾಯ್ದು ಮುಖ್ಯ ಪಾತ್ರವಾದ ಎರಡನೇ ವೇಷದವರೆಗೆ ಏರಬಹುದಿತ್ತು. ವಯಸ್ಸಿಗೆ ಒಪ್ಪುವ ಪಾತ್ರ ಬಣ್ಣ ಹಚ್ಚುವ ಅದೇ ಚೌಕಿಯಲ್ಲಿ ಸಿಗುತ್ತಿತ್ತು. ಭಾಗವತರು ಹಾಡುವ ಪದ್ಯಕ್ಕೆ ವೇಷಧಾರಿಯ ಅರ್ಥ, ಅಂದರೆ ಮಾತು, ಆಯಾ ರಾತ್ರಿಯೇ ಹುಟ್ಟಬೇಕಾದ್ದರಿಂದ ನೂರು ಸಲ ಮಾಡಿದ ವೇಷವೂ ಹಳತಾಗುತ್ತಿರಲಿಲ್ಲ.

ಮಾತುಗಾರರಿಗೆ ಇದು ಸರಿ, ಕುಣಿತವನ್ನೇ ನೆಚ್ಚಿದ ಚಿಟ್ಟಾಣಿಯವರಿಗೆ ಹೇಗೆ ಎಂದು ಕೇಳಬಹುದು. ಅವರ ಭಸ್ಮಾಸುರನನ್ನೇ ನೋಡಿ. ಮೋಹಿನಿ ತೋರಿದ ಭಂಗಿಯನ್ನೆಲ್ಲ ಅನುಸರಿಸುತ್ತ ಅಸುರ ಕಡೆಗೆ ಕೈಯನ್ನು ತನ್ನ ನೆತ್ತಿಯ ಮೇಲೇ ಇಡುತ್ತಾನೆ. ಕೈಯಿಟ್ಟ ತಲೆ ಬೂದಿಯಾಗುವ ತನ್ನ ವರವನ್ನೇ ಮೋಹದಲ್ಲಿ ಮರೆತ ಎಂದು ನೋಡುವವರು ನಂಬದಿದ್ದರೆ ಪ್ರಸಂಗವೇ ಸೋತಂತೆ. ಆ ನಂಬಿಕೆ ಹುಟ್ಟುವುದು ಕಣ್ಣು, ಹುಬ್ಬು, ಕತ್ತಿನ ಕೊಂಕಿನಿಂದ. ಸೈರಂಧ್ರಿಯನ್ನು ಕಂಡ ಕೀಚಕನದೂ ಇದೇ ಪಾಡು. ವಯಸ್ಸು ಗಿರಕಿಯ ವೇಗವನ್ನು ಕಸಿದೀತು, ಈ ಅಭಿನಯವನ್ನು ಕಸಿಯಲಾರದು.

ಅವರಿಂದ ಶೃಂಗಾರ ಅತಿಯಾಯಿತು, ಪಾತ್ರದ ಗೌರವ ತಗ್ಗಿತು ಎಂಬ ಸಂಪ್ರದಾಯಸ್ಥರ ಆಕ್ಷೇಪ ಹಳೆಯದು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಟಿಕೆಟ್ ಕೊಂಡು ಟೆಂಟಿನೊಳಗೆ ಕೂತ ಜನ ಬೆಳಗಿನವರೆಗೆ ಏಳದಂತೆ ನೋಡಿಕೊಳ್ಳುವ ಹೊಣೆ ವೇಷಧಾರಿಯ ಮೇಲಿತ್ತು. ಆದರೆ ಬಾಳಿಕೆಗೆ ಆ ಶೈಲಿಯೇ ಕಾರಣವಾಗಿದ್ದರೆ, ಅದೇ ಸೀಮೆಯ ಕೆರೆಮನೆ ಶಂಭು ಹೆಗಡೆಯವರ ಬದುಕು ಅರ್ಥವಾಗುವುದಿಲ್ಲ. ಔಚಿತ್ಯಕ್ಕೆ, ತೂಕದ ಮಾತಿಗೆ ಹೆಸರಾದ ಅವರೂ ಕೊನೆಯವರೆಗೆ ಕಲಾವಿದರಾಗಿಯೇ ಉಳಿದರು. 2009ರಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಎರಡು ವಿರುದ್ಧ ದಾರಿಗಳನ್ನೂ ಕೊನೆಯವರೆಗೆ ಹೊತ್ತದ್ದು ಒಂದೇ ಕಲೆ.

ಹೊಟ್ಟೆಪಾಡಿನ ಮಾತನ್ನು ಮಾತ್ರ ಅಲ್ಲಗಳೆಯಲಾಗದು. ಮೇಳದ ಸಂಬಳ ತಿರುಗಾಟದ ಆರು ತಿಂಗಳದ್ದು. ಮಳೆಗಾಲಕ್ಕೆ ಬೇರೆ ದಾರಿ ಹುಡುಕಬೇಕು. ದುಡಿಯಲೇಬೇಕಾಗಿ ಮುಪ್ಪಿನಲ್ಲೂ ಗೆಜ್ಜೆ ಕಟ್ಟಿದವರು ಎಷ್ಟೋ ಮಂದಿ. ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದದ್ದೂ 2012ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ. ಆದರೂ ಬಡತನ ಒಬ್ಬನನ್ನು ರಂಗಸ್ಥಳಕ್ಕೆ ಎಳೆದು ತಂದೀತೇ ಹೊರತು, ಆ ವಯಸ್ಸಿನವನನ್ನು ನೋಡಲು ಜನರನ್ನು ಕರೆತರಲಾರದು. ಅಂಥ ಬಾಳಿಕೆಗೆ ಜಾಗ ಕೊಟ್ಟ ಕಟ್ಟೇ ಈಗ ಸಡಿಲಾಗುತ್ತಿದೆ. ಇಂದಿನ ಕಾಲಮಿತಿ ಆಟಗಳು ನೇರವಾಗಿ ಪ್ರಸಂಗಕ್ಕೇ ಇಳಿಯುತ್ತವೆ. ಇರುಳ ಮೊದಲ ಜಾವದಲ್ಲಿ ಕೋಡಂಗಿಯಾಗಿ ಹೆಜ್ಜೆ ಕಲಿಯುತ್ತಿದ್ದ ಹುಡುಗನಿಗೆ ಅಲ್ಲಿ ಹೊತ್ತೇ ಇಲ್ಲ.