ಪಾಲಿನ ಗಡಿಗೆ

ಒಂದಕ್ಕೊಂದು ಹೊಂದದ ಸಾಮಾನುಗಳು ಒಟ್ಟಿಗೆ ಬಿದ್ದಿದ್ದರೆ ಇಂಗ್ಲಿಷಿನವರು ‘ಹಾಜ್‌ಪಾಜ್’ ಎನ್ನುತ್ತಾರೆ. ನಾವು ಕಲಸುಮೇಲೋಗರ ಎನ್ನುತ್ತೇವೆ, ಸಲುಗೆಯ ಮಾತಿನಲ್ಲಾದರೆ ಚಿತ್ರಾನ್ನ. ಎರಡೂ ನುಡಿಗಳಲ್ಲಿ ಪದ ಹುಟ್ಟಿದ್ದು ಅಡುಗೆಮನೆಯಲ್ಲಿ. ಎರಡರಲ್ಲೂ ತುಸು ತಾತ್ಸಾರ ಬೆರೆತಿದೆ. ಆದರೆ ಇಂಗ್ಲಿಷ್ ಪದದ ಹಳೆಯ ರೂಪವಾದ ‘ಹಾಚ್‌ಪಾಟ್’ ಸುಮಾರು ಏಳು ಶತಮಾನ ನ್ಯಾಯಸ್ಥಾನದಲ್ಲೂ ದುಡಿಯಿತು. ಅಲ್ಲಿ ಅದಕ್ಕಿದ್ದ ಕೆಲಸ ಆಸ್ತಿಯನ್ನು ಸಮನಾಗಿ ಹಂಚುವುದು. ಬೆರಕೆ ಎಂದರೆ ಅವ್ಯವಸ್ಥೆ ಎಂಬ ನಮ್ಮ ಎಣಿಕೆಯನ್ನು ಈ ಪದದ ಚರಿತ್ರೆ ಒಪ್ಪುವುದಿಲ್ಲ.

ಫ್ರೆಂಚಿನ ‘ಹೋಷೆ’ ಎಂದರೆ ಅಲುಗಿಸು, ಕುಲುಕು. ‘ಪೋ’ ಎಂದರೆ ಗಡಿಗೆ. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ಬರೆಸಿದ ‘ಫಾರ್ಮ್ ಆಫ್ ಕ್ಯೂರಿ’ ಎಂಬ ಪಾಕಗ್ರಂಥದಲ್ಲಿ ಈ ಹೆಸರಿನ ಹೆಬ್ಬಾತಿನ ಅಡುಗೆಯಿದೆ. ಅದಕ್ಕೂ ನೂರು ವರ್ಷ ಮೊದಲೇ ಫ್ರೆಂಚ್ ಬಳಸುತ್ತಿದ್ದ ಇಂಗ್ಲೆಂಡಿನ ಕಾನೂನುಗಾರರು ಪದವನ್ನು ಎರವಲು ಪಡೆದಿದ್ದರು. ಹದಿನೈದನೆಯ ಶತಮಾನದ ನ್ಯಾಯಾಧೀಶ ಥಾಮಸ್ ಲಿಟಲ್‌ಟನ್ ಅದನ್ನು ಹಲವು ಪದಾರ್ಥ ಸೇರಿಸಿ ಮಾಡುವ ಪುಡಿಂಗಿಗೆ ಹೋಲಿಸಿ, ಒಂದು ಲೆಕ್ಕವನ್ನೂ ಕೊಟ್ಟ. ಗಂಡುಮಕ್ಕಳಿಲ್ಲದ ಒಬ್ಬನಿಗೆ ಒಂದೇ ಬೆಲೆಯ 30 ಎಕರೆ ಭೂಮಿ, ಇಬ್ಬರು ಹೆಣ್ಣುಮಕ್ಕಳು. ಒಬ್ಬಳಿಗೆ ಮದುವೆಯಲ್ಲಿ 10 ಎಕರೆ ಬಳುವಳಿ ಕೊಟ್ಟು ತಂದೆ ತೀರಿಕೊಳ್ಳುತ್ತಾನೆ. ಉಳಿದ 20 ಎಕರೆಯಲ್ಲಿ ಅವಳು ಪಾಲು ಕೇಳಬೇಕಾದರೆ ತನ್ನ 10 ಎಕರೆಯನ್ನು ಮೊದಲು ಗಡಿಗೆಗೆ ಹಾಕಬೇಕು. ಆಗ ತಲಾ 15. ಅವಳಿಗೆ ಹೊಸದಾಗಿ ಸಿಗುವುದು 5. ಬಳುವಳಿ ಯಾವುದು, ಬಿಟ್ಟುಹೋದದ್ದು ಯಾವುದು ಎಂಬ ಗುರುತು ಗಡಿಗೆಯಲ್ಲಿ ಅಳಿದರೇನೇ ಪಾಲು ಸಮವಾಗುವುದು. ಉಯಿಲು ಬರೆಯದೆ ಸತ್ತವರ ಚರಾಸ್ತಿಗೂ 1670ರ ಶಾಸನ ಇದೇ ಕ್ರಮವನ್ನು ತಂದಿತು.

ಗೊಂದಲದ ಅರ್ಥವೂ ಹಳೆಯದೇ ಅಲ್ಲವೇ ಎಂದು ಕೇಳಬಹುದು. ನಿಜ, ಹದಿನಾಲ್ಕನೆಯ ಶತಮಾನದಲ್ಲೇ ಕವಿ ಚಾಸರ್ ಪದವನ್ನು ಆಕ್ಷೇಪಣೆಯಾಗಿ ಬಳಸಿದ್ದಾನೆ. ಅವನ ಮೆಲಿಬಿಯ ಕಥೆಯಲ್ಲಿ ಹೆಂಡತಿ ಪ್ರೂಡೆನ್ಸ್ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ: ಸಲಹೆಗಾರರ ಮಾತುಗಳನ್ನೆಲ್ಲ ಒಂದೇ ಗಡಿಗೆಗೆ ಸುರಿದು, ಹೆಚ್ಚು ಜನ ಹೇಳಿದ ಕಡೆಗೆ ವಾಲಿದೆ ಎಂದು. ಗಮನಿಸಿದರೆ ಅವಳ ದೂರು ಇರುವುದು ಸಮತ್ವದ ಮೇಲೆಯೇ. ಜಾಣನ ಮಾತಿಗೂ ಮೂಢನ ಮಾತಿಗೂ ಅವನು ಒಂದೇ ತೂಕ ಕೊಟ್ಟನಲ್ಲ! ಮೂಲವನ್ನು ಮರೆಸುವ ಗುಣ ಭೂಮಿಯ ಹಂಚಿಕೆಯಲ್ಲಿ ನ್ಯಾಯವಾಗುತ್ತದೆ, ಸಲಹೆಯ ವಿಷಯದಲ್ಲಿ ಅವಿವೇಕವಾಗುತ್ತದೆ. ಇನ್ನು ಆ ನ್ಯಾಯವೂ ಪೂರ್ತಿಯಲ್ಲ ಎಂಬುದು ಮತ್ತೊಂದು ಆಕ್ಷೇಪ. ಬಳುವಳಿಯೇ ದೊಡ್ಡದಾಗಿದ್ದವಳು ಗಡಿಗೆಯ ಗೊಡವೆಗೆ ಹೋಗದೆ ಸುಮ್ಮನಿರಬಹುದಿತ್ತು. ಗಂಡುಮಗನಿದ್ದರೆ ಹೆಣ್ಣುಮಕ್ಕಳಿಗೆ ಆ ಭೂಮಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಪ್ಪಬೇಕಾದ ಮಾತು. ಆದರೆ ಈ ಕೊರತೆಗಳು ಗಡಿಗೆಗೆ ಯಾರು ಹಾಕಬೇಕು, ಅದರ ಸುತ್ತ ಯಾರು ಕೂರಬೇಕು ಎಂಬ ನಿಯಮದವು. ಒಳಗೆ ಬಿದ್ದದ್ದನ್ನು ಗಡಿಗೆ ಸಮನಾಗಿಯೇ ಹಂಚಿತು.

ಈ ಪದ ನಮ್ಮ ಕೋರ್ಟುಗಳಿಗೂ ಬಂದು ನಿಂತಿದೆ. ಅವಿಭಕ್ತ ಕುಟುಂಬದವನೊಬ್ಬ ತನ್ನ ಸ್ವಯಾರ್ಜಿತವನ್ನು ಮನೆತನದ ಆಸ್ತಿಯಲ್ಲಿ ಬೆರೆಸಿದನೇ ಎಂಬ ಪ್ರಶ್ನೆ ಪಾಲಿನ ದಾವೆಗಳಲ್ಲಿ ಎದ್ದಾಗ, ‘ಕಾಮನ್ ಹಾಚ್‌ಪಾಟ್’ಗೆ ಹಾಕಿದನೇ ಎಂದೇ ವಕೀಲರು ವಾದಿಸುತ್ತಾರೆ. ಅಣ್ಣತಮ್ಮಂದಿರಿಗೆ ಔದಾರ್ಯದಿಂದ ಉಣ್ಣಲು ಬಿಟ್ಟರೆ ಬೆರಕೆಯಾಗದು. ತನ್ನ ಪ್ರತ್ಯೇಕ ಹಕ್ಕನ್ನು ಬಿಟ್ಟುಕೊಡುವ ಉದ್ದೇಶ ಸ್ಪಷ್ಟವಾಗಿರಬೇಕು. ಹಿಂದೂ ಹೆಣ್ಣುಮಗಳು ಸೀಮಿತ ಹಕ್ಕಿನಿಂದ ಹೊಂದಿದ ಆಸ್ತಿಗೆ ಈ ತತ್ವ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 1961ರಲ್ಲಿ ಹೇಳಿತು. ಅಂದರೆ ಇಲ್ಲಿಯೂ ಬೆರಕೆ ತಾನಾಗಿ ಆಗುವ ಅವ್ಯವಸ್ಥೆಯಲ್ಲ, ಅರ್ಹತೆ ಇದ್ದವರು ತಿಳಿದು ಮಾಡುವ ಕೆಲಸ. ಉಯಿಲಿಲ್ಲದವರ ಆಸ್ತಿ ಹಂಚಿಕೆಯಲ್ಲಿದ್ದ ಹಾಚ್‌ಪಾಟ್ ನಿಯಮವನ್ನು ಇಂಗ್ಲೆಂಡ್ 1995ರ ಕಾಯ್ದೆಯಿಂದ ತೆಗೆದುಹಾಕಿತು. ನಮ್ಮ ಪಾಲಿನ ದಾವೆಗಳಲ್ಲಿ ಆ ಗಡಿಗೆ ಇನ್ನೂ ಒಲೆಯ ಮೇಲಿದೆ.